ಕೋರ್ ಫೈಲ್ ಮುಟ್ಟದೆ ವರ್ಡ್‌ಪ್ರೆಸ್ ಬದಲಿಸೋದು ಹೇಗೆ? ಫಿಲ್ಟರ್ ಹುಕ್ ಇದೆಯಲ್ಲ!

ವರ್ಡ್‌ಪ್ರೆಸ್‌ನಲ್ಲಿ ಏನೋ ಸಣ್ಣದು ಬದಲಿಸಬೇಕು ಅಂತ ದಯವಿಟ್ಟು ಕೋರ್ ಫೈಲ್ (ವರ್ಡ್‌ಪ್ರೆಸ್‌ನ ಮೂಲ ಕೋಡ್ ಇರೋ ಫೈಲ್) ತೆರೆದು ತಿದ್ದಬೇಡಿ. ಮುಂದಿನ ಅಪ್‌ಡೇಟ್‌ನಲ್ಲಿ ಹಳೆ ಫೈಲ್ ಹೋಗಿ ಹೊಸದು ಬರುತ್ತದೆ, ನಿಮ್ಮ ತಿದ್ದುಪಡಿಯೂ ಅದರ ಜೊತೆಗೇ ಹೋಗುತ್ತದೆ. ಥೀಮ್ ಫೈಲ್ ಕಥೆಯೂ ಇದೇ. ಹಾಗಾಗಿ ನಿಮ್ಮ ಕೋಡನ್ನು ಚೈಲ್ಡ್ ಥೀಮ್‌ನ (ಮೂಲ ಥೀಮ್‌ನ ಆಧಾರದ ಮೇಲೆ ನೀವು ಮಾಡಿಕೊಳ್ಳೋ ಥೀಮ್) ಫಂಕ್ಷನ್ಸ್.ಪಿಎಚ್‌ಪಿಯಲ್ಲಿ ಇಡಿ, ಇಲ್ಲವೇ ಒಂದು ಪುಟ್ಟ ಪ್ಲಗಿನ್ ಮಾಡಿಕೊಳ್ಳಿ. ನನಗೆ ಪ್ಲಗಿನ್ನೇ ಇಷ್ಟ. ಥೀಮ್ ಬದಲಾಯಿಸಿದರೂ ಕೋಡ್ ಉಳಿಯುತ್ತದೆ.

ಹುಕ್ ಅಂದರೆ ನಿಮ್ಮ ಕೋಡ್ ಸೇರಿಸಿಕೊಳ್ಳಲು ವರ್ಡ್‌ಪ್ರೆಸ್ ಬಿಟ್ಟಿರೋ ಜಾಗ. ಅದರಲ್ಲಿ ಒಂದು ಬಗೆ ಫಿಲ್ಟರ್, ಅದು ಕೆಲಸ ಮಾಡೋ ರೀತಿ ಸರಳ. ಲೇಖನದ ಪಠ್ಯ, ಶೀರ್ಷಿಕೆ ಇಂಥವನ್ನು ಪುಟಕ್ಕೆ ಹಾಕುವ ಮುಂಚೆ ವರ್ಡ್‌ಪ್ರೆಸ್ ‘ಅಪ್ಲೈ_ಫಿಲ್ಟರ್ಸ್’ ಮೂಲಕ ದಾಟಿಸುತ್ತದೆ. ‘ಆಡ್_ಫಿಲ್ಟರ್’ ಬಳಸಿ ನೀವು ಆ ದಾರಿಯಲ್ಲಿ ನಿಮ್ಮ ಫಂಕ್ಷನ್ (ಒಂದು ಕೆಲಸ ಮಾಡೋ ಕೋಡ್ ತುಣುಕು) ನಿಲ್ಲಿಸುತ್ತೀರಿ. ಅದಕ್ಕೆ ಏನು ಸಿಗುತ್ತದೋ ಅದನ್ನು ಬದಲಿಸಿ ರಿಟರ್ನ್ ಮಾಡಬೇಕು, ಅಂದರೆ ವಾಪಸ್ ಕೊಡಬೇಕು. ಇನ್ನೊಂದು ಬಗೆಯಾದ ಆಕ್ಷನ್ ಹುಕ್‌ಗೂ ಇದಕ್ಕೂ ಇರೋ ವ್ಯತ್ಯಾಸ ಇದೇ: ಆಕ್ಷನ್ ವಾಪಸ್ ಏನೂ ಕೇಳುವುದಿಲ್ಲ.

ಮೊದಲ ಪ್ರಯೋಗಕ್ಕೆ ‘ಎಕ್ಸರ್ಪ್ಟ್_ಲೆಂಗ್ತ್’ ತೆಗೆದುಕೊಳ್ಳಿ. ವರ್ಡ್‌ಪ್ರೆಸ್ ತಾನೇ ಮಾಡುವ ಸಾರಾಂಶ 55 ಪದಕ್ಕೆ ನಿಲ್ಲುತ್ತದೆ. ನಿಮ್ಮ ಫಂಕ್ಷನ್ 25 ಅಂತ ರಿಟರ್ನ್ ಮಾಡಿದರೆ 25ಕ್ಕೆ ನಿಲ್ಲುತ್ತದೆ, ಅಷ್ಟೇ. ನೀವೇ ಕೈಯಾರೆ ಬರೆದ ಸಾರಾಂಶವನ್ನು ಮಾತ್ರ ಇದು ಕತ್ತರಿಸುವುದಿಲ್ಲ.

ಜಾಸ್ತಿ ಬಳಕೆಯಾಗೋದು ಲೇಖನದ ಪಠ್ಯ ದಾಟಿಹೋಗೋ ‘ದಿ_ಕಂಟೆಂಟ್’, ಜಾಸ್ತಿ ಎಡವೋದೂ ಇಲ್ಲೇ. ಲೇಖನದ ಕೊನೆಗೆ ಒಂದು ಸಾಲು ಸೇರಿಸಬೇಕು ಅಂದುಕೊಳ್ಳಿ. ಬಂದ ಪಠ್ಯದ ಹಿಂದೆ ನಿಮ್ಮ ಸಾಲು ಜೋಡಿಸಿ ಇಡೀ ಪಠ್ಯವನ್ನು ರಿಟರ್ನ್ ಮಾಡಿ. ರಿಟರ್ನ್ ಮರೆತರೆ ಲೇಖನವೇ ಮಾಯ, ಪುಟ ಖಾಲಿ. ಸಾಲನ್ನು ಪಠ್ಯಕ್ಕೆ ಜೋಡಿಸೋ ಬದಲು ಎಕೋ ಮಾಡಿದರೆ (ನೇರವಾಗಿ ಪುಟಕ್ಕೆ ಮುದ್ರಿಸಿದರೆ) ಸಾಲು ಲೇಖನದ ಮೇಲೆಲ್ಲೋ ಬಂದು ಕೂರುತ್ತದೆ. ಇನ್ನೊಂದು, ಈ ಫಿಲ್ಟರ್ ಒಂದೇ ಜಾಗದಲ್ಲಿ ಓಡುವುದಿಲ್ಲ, ಬೇರೆ ಪ್ಲಗಿನ್‌ಗಳೂ ಅದನ್ನು ಕರೆಯುತ್ತವೆ, ಹಾಗಾಗಿ ‘ಈಸ್_ಸಿಂಗ್ಯುಲರ್’, ‘ಇನ್_ದಿ_ಲೂಪ್’, ‘ಈಸ್_ಮೇನ್_ಕ್ವೆರಿ’ (ಇದು ಒಂದೇ ಲೇಖನದ ಪುಟವೇ, ಲೇಖನ ತೋರಿಸೋ ಲೂಪ್‌ನ ಒಳಗಿದ್ದೇವೆಯೇ, ಪುಟದ ಮುಖ್ಯ ಕ್ವೆರಿಯೇ) ಮೂರನ್ನೂ ಕೇಳಿ ನೋಡಿ, ಮೂರೂ ಹೌದು ಅಂದರೆ ಮಾತ್ರ ಸಾಲು ಸೇರಿಸಿ, ಇಲ್ಲದಿದ್ದರೆ ಬಂದದ್ದನ್ನು ಬಂದ ಹಾಗೇ ರಿಟರ್ನ್ ಮಾಡಿ. ಈ ‘ಇಲ್ಲದಿದ್ದರೆ’ ಕಡೆಯ ರಿಟರ್ನ್ ಕೂಡ ಬೇಕೇ ಬೇಕು, ಸುಮಾರು ಜನ ಅದನ್ನೇ ಬಿಡುತ್ತಾರೆ.

‘ಆಡ್_ಫಿಲ್ಟರ್’ಗೆ ಮೊದಲು ಹುಕ್‌ನ ಹೆಸರು, ಆಮೇಲೆ ನಿಮ್ಮ ಫಂಕ್ಷನ್ ಹೆಸರು ಕೊಡುತ್ತೀರಿ. ಮೂರನೇ ಮೌಲ್ಯ ಪ್ರಯಾರಿಟಿ, ಅಂದರೆ ಓಡುವ ಸರದಿ. ಕೊಡದಿದ್ದರೆ 10 ಅಂತ ಲೆಕ್ಕ, ಚಿಕ್ಕ ಸಂಖ್ಯೆಯದ್ದು ಮೊದಲು ಓಡುತ್ತದೆ. ಇದು ಸುಮ್ನೆ ಇರೋ ಸಂಖ್ಯೆಯಲ್ಲ. ‘ದಿ_ಕಂಟೆಂಟ್’ನಲ್ಲಿ ಶಾರ್ಟ್‌ಕೋಡ್‌ಗಳನ್ನು (ಚೌಕ ಕಂಸದೊಳಗೆ ಬರೆಯೋ ಸಂಕೇತಗಳು, ಅವುಗಳ ಜಾಗದಲ್ಲಿ ಬೇರೆ ವಿಷಯ ಬರುತ್ತದೆ) ಬಿಡಿಸುವ ಫಂಕ್ಷನ್ 11ರಲ್ಲಿ ಓಡುತ್ತದೆ. ನೀವು 20ರಲ್ಲಿ ಒಂದು ಶಾರ್ಟ್‌ಕೋಡ್ ಸೇರಿಸಿದರೆ ಅದನ್ನು ಬಿಡಿಸೋ ಹೊತ್ತು ಆಗಲೇ ಮುಗಿದಿರುತ್ತದೆ, ಓದುಗರಿಗೆ ಚೌಕ ಕಂಸಗಳೇ ಕಾಣುತ್ತವೆ.

ನಾಲ್ಕನೆಯದು ನಿಮ್ಮ ಫಂಕ್ಷನ್‌ಗೆ ಎಷ್ಟು ಆರ್ಗ್ಯುಮೆಂಟ್ (ಒಳಗೆ ಬರೋ ಮೌಲ್ಯ) ಬೇಕು ಅನ್ನೋದು. ಏನೂ ಹೇಳದಿದ್ದರೆ ಒಂದೇ ಸಿಗುತ್ತದೆ. ‘ದಿ_ಟೈಟಲ್’ ಶೀರ್ಷಿಕೆಯ ಜೊತೆ ಪೋಸ್ಟ್ ಐಡಿಯನ್ನೂ ಕೊಡುತ್ತದೆ. ನಿಮ್ಮ ಫಂಕ್ಷನ್ ಎರಡನ್ನೂ ಕೇಳುವ ಹಾಗೆ ಬರೆದು, ಇಲ್ಲಿ 2 ಹಾಕೋದು ಮರೆತರೆ ಈಗಿನ ಪಿಎಚ್‌ಪಿಯಲ್ಲಿ ನೇರ ಫೇಟಲ್ ಎರರ್, ಕೋಡ್ ಅಲ್ಲೇ ನಿಲ್ಲುತ್ತದೆ.

ಬೇರೆ ಯಾರೋ ಹಾಕಿದ ಫಿಲ್ಟರ್ ಬೇಡವಾದರೆ ‘ರಿಮೂವ್_ಫಿಲ್ಟರ್’ ಇದೆ. ಹಾಕುವಾಗ ಕೊಟ್ಟ ಪ್ರಯಾರಿಟಿಯನ್ನೇ ತೆಗೆಯುವಾಗಲೂ ಕೊಡಬೇಕು, ಅವರು ಹಾಕಿದ ಮೇಲೆಯೇ ತೆಗೆಯಬೇಕು. ಹೆಸರಿಲ್ಲದ ಫಂಕ್ಷನ್ ಆಗಿದ್ದರೆ ತೆಗೆಯೋದು ತುಂಬಾ ಕಷ್ಟ, ಅದಕ್ಕೇ ನಿಮ್ಮ ಫಂಕ್ಷನ್‌ಗಳಿಗೆ ಹೆಸರಿಡಿ, ಆ ಹೆಸರು ಇನ್ನೊಂದು ಪ್ಲಗಿನ್‌ನದ್ದಕ್ಕೆ ತಾಗದಂತೆ ಮುಂದೆ ನಿಮ್ಮದೇ ಒಂದು ಗುರುತು ಸೇರಿಸಿ.