ಟೀವಿ ಮ್ಯೂಟ್ ಮಾಡಿ ಸುದ್ದಿ ನೋಡುವ ಸಿನಿಮಾ ಹುಚ್ಚ

ಸಿನಿಮಾ ಬಗ್ಗೆ ಬರಿ, ರಾಜಕೀಯ ಯಾಕೆ ಎಳ್ಕೊಂಡು ಬರ್ತೀಯ ಅಂತ ಗೆಳೆಯರು ಆಗಾಗ ಬೈಯುತ್ತಾರೆ. ರಾಜಕೀಯದ ಬಗ್ಗೆ ಬರೆದರೆ, ನಿನಗೆ ಸಿನಿಮಾ ಬಿಟ್ಟು ಬೇರೆ ಉದಾಹರಣೆಯೇ ಸಿಗಲ್ವಾ ಅಂತ ಕೇಳುವವರೂ ಅವರೇ. ಎರಡಕ್ಕೂ ನನ್ನ ಹತ್ತಿರ ಒಂದೇ ಉತ್ತರ ಇದೆ. ಸುದ್ದಿ ನೋಡುವುದನ್ನು ನನಗೆ ಕಲಿಸಿದ್ದೇ ಸಿನಿಮಾ.

ಅಪ್ಪ ಮನೆಗೆ ‘ಲಂಕೇಶ್ ಪತ್ರಿಕೆ’ ತರುತ್ತಿದ್ದರು. 1980ರಲ್ಲಿ ಶುರುವಾದ, ಜಾಹೀರಾತೇ ಹಾಕದ ವಾರಪತ್ರಿಕೆ. ಮಂತ್ರಿಗಳನ್ನು ಝಾಡಿಸಿದ ಪುಟದ ಆಚೀಚೆ ಕತೆ, ಪದ್ಯ, ಸಿನಿಮಾ ಎಲ್ಲ ಇರುತ್ತಿದ್ದವು. ಅದನ್ನು ನಡೆಸುತ್ತಿದ್ದ ಲಂಕೇಶರೇ ‘ಸಂಸ್ಕಾರ’ ಸಿನಿಮಾದಲ್ಲಿ ನಾರಣಪ್ಪನ ಪಾತ್ರ ಮಾಡಿದವರು, ‘ಪಲ್ಲವಿ’ಗೆ ನಿರ್ದೇಶಕರಾಗಿ ರಾಷ್ಟ್ರಪ್ರಶಸ್ತಿ ಪಡೆದವರು. ‘ಸಂಸ್ಕಾರ’ಕ್ಕೆ ಸೆನ್ಸಾರ್‌ನವರು ಮೊದಲು ಸರ್ಟಿಫಿಕೇಟ್ ಕೊಟ್ಟಿರಲಿಲ್ಲ. ಆಮೇಲೆ ಅದೇ ಸಿನಿಮಾ 1970ರ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಗೆದ್ದಿತು. ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿ ತುರ್ತು ಪರಿಸ್ಥಿತಿಯ ಹೊತ್ತಿನಲ್ಲಿ ಬೆಂಗಳೂರಿನ ಜೈಲು ಸೇರಿದರು. ಅಲ್ಲಿ ಅಸ್ತಮಾ ವಿಪರೀತವಾಯಿತು. ಹೊರಗೆ ಬಂದ ಸ್ವಲ್ಪ ದಿನಕ್ಕೇ, 1977ರ ಜನವರಿಯಲ್ಲಿ ತೀರಿಕೊಂಡರು. ಇದರಲ್ಲಿ ಸಿನಿಮಾ ಎಲ್ಲಿಗೆ ಮುಗಿಯಿತು, ರಾಜಕೀಯ ಎಲ್ಲಿಂದ ಶುರುವಾಯಿತು ಅಂತ ಗೆರೆ ಎಳೆಯಲು ನನಗೆ ಬರುವುದಿಲ್ಲ.

ನಾನು ಸಿನಿಮಾ ನೋಡುವ ರೀತಿ ಹೇಳುತ್ತೇನೆ. ಮೊದಲು ವಿಮರ್ಶೆ ಓದುವುದಿಲ್ಲ, ಟ್ರೇಲರ್ ಆದಷ್ಟೂ ತಪ್ಪಿಸಿಕೊಳ್ಳುತ್ತೇನೆ. ಒಬ್ಬನೇ ಹೋಗುತ್ತೇನೆ, ಜಾಸ್ತಿ ಬೆಳಗಿನ ಶೋಗೆ. ಜೊತೆಗೆ ಯಾರಾದರೂ ಇದ್ದರೆ ಇಂಟರ್ವಲ್‌ನಲ್ಲೇ ‘ಹೆಂಗಿದೆ’ ಅಂತ ಕೇಳಿಬಿಡುತ್ತಾರೆ. ಏನೋ ಒಂದು ಹೇಳಬೇಕಾಗುತ್ತದೆ. ಹೇಳಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳುವುದಕ್ಕೇ ಸೆಕೆಂಡ್ ಹಾಫ್ ನೋಡಿದಂತಾಗುತ್ತದೆ. ಮನೆಗೆ ವಾಪಸ್ ಬರುವಾಗ ಮೆಟ್ರೋದಲ್ಲಿ ಸಣ್ಣ ಪುಸ್ತಕದಲ್ಲಿ ಗೀಚಿಕೊಳ್ಳುತ್ತೇನೆ. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಬರೆಯುವುದಿಲ್ಲ. ಕ್ಯಾಮೆರಾ ಯಾರ ಜೊತೆ ನಡೆಯಿತು, ಯಾರನ್ನು ದೂರದಿಂದ ನೋಡಿತು, ಜಗಳದಲ್ಲಿ ಕೊನೆಯ ಮಾತು ಯಾರಿಗೆ ಸಿಕ್ಕಿತು, ಮ್ಯೂಸಿಕ್ ಯಾವಾಗ ಬಂತು ಅಂತ ಬರೆದುಕೊಳ್ಳುತ್ತೇನೆ. ಹೀರೋ ಬಾಯಲ್ಲಿ ಸಮಾನತೆಯ ಬಗ್ಗೆ ಎರಡು ಪುಟ ಡೈಲಾಗ್ ಇರಬಹುದು. ಆದರೆ ಅವನು ಅದನ್ನು ಹೇಳುವಾಗ ಕೇಳುತ್ತಾ ನಿಂತ ಕೂಲಿಯವರಲ್ಲಿ ಒಬ್ಬರಿಗೂ ಮುಖ ಇಲ್ಲದಿದ್ದರೆ, ಸಿನಿಮಾದ ರಾಜಕೀಯ ಇರುವುದು ಆ ಮುಖ ಇಲ್ಲದ ಜನರಲ್ಲಿ, ಡೈಲಾಗಿನಲ್ಲಿ ಅಲ್ಲ.

ಇದನ್ನು ಸುದ್ದಿಗೂ ಹಚ್ಚಿ ನೋಡಬಹುದು ಅಂತ ನನಗೆ ಗಟ್ಟಿಯಾಗಿದ್ದು 2024ರ ಮೇ ತಿಂಗಳಲ್ಲಿ. ಪುಣೆಯ ಕಲ್ಯಾಣಿನಗರದಲ್ಲಿ 17 ವರ್ಷದ ಹುಡುಗನೊಬ್ಬ ಪೋರ್ಷೆ ಕಾರು ಓಡಿಸಿ ಬೈಕಿಗೆ ಗುದ್ದಿದ. ಬೈಕಿನಲ್ಲಿದ್ದ ಇಬ್ಬರು ಎಂಜಿನಿಯರ್‌ಗಳು ಸತ್ತರು. ಹುಡುಗನ ಅಪ್ಪ ದೊಡ್ಡ ಬಿಲ್ಡರ್. ಕೆಲವೇ ಗಂಟೆಗಳಲ್ಲಿ ಜಾಮೀನು ಸಿಕ್ಕಿತು. ಷರತ್ತುಗಳಲ್ಲಿ ಒಂದು, ಅಪಘಾತದ ಬಗ್ಗೆ 300 ಪದದ ಪ್ರಬಂಧ ಬರೆಯಬೇಕು ಅಂತ. ಆಮೇಲೆ ರಕ್ತದ ಮಾದರಿಯನ್ನೇ ಬದಲಿಸಿದ ಆರೋಪ ಬಂತು, ಸರ್ಕಾರಿ ಆಸ್ಪತ್ರೆಯ ಡಾಕ್ಟರುಗಳ ಬಂಧನವಾಯಿತು.

ಆ ವಾರ ನಾನು ಶಂಕರ್‌ನಾಗ್ ಅವರ ‘ಆಕ್ಸಿಡೆಂಟ್’ ಮತ್ತೆ ಹಾಕಿಕೊಂಡು ಕೂತೆ. 1985ರ ಸಿನಿಮಾ. ರಾಜಕಾರಣಿಯ ಮಗ ನಶೆಯಲ್ಲಿ ಕಾರು ಓಡಿಸಿ, ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಹತ್ತಿಸುತ್ತಾನೆ. ಅಪ್ಪ ಧರ್ಮಾಧಿಕಾರಿಗೆ ಚುನಾವಣೆ ಮುಂದಿದೆ. ಆ ಪಾತ್ರದಲ್ಲಿ ಅನಂತ್‌ನಾಗ್. ಕೇಸಿನ ಹಿಂದೆ ಬೀಳುವ ಪತ್ರಕರ್ತನಾಗಿ ಸ್ವತಃ ಶಂಕರ್. ಹಾಡಿಲ್ಲ. ಇಳಯರಾಜಾ ಅವರ ಹಿನ್ನೆಲೆ ಸಂಗೀತ ಮಾತ್ರ. ಅನಂತ್‌ನಾಗ್ ಈ ಸಿನಿಮಾದಲ್ಲಿ ನನ್ನನ್ನು ಹೆದರಿಸುವುದು ಅವರು ಕೂಗಾಡದೇ ಇರುವುದಕ್ಕೆ. ದನಿ ಎತ್ತುವ ಅಗತ್ಯವೇ ಇಲ್ಲದವನ ಅಧಿಕಾರ ಅದು. (ಆಮೇಲೆ ಅನಂತ್‌ನಾಗ್ ನಿಜವಾಗಿಯೂ ಶಾಸಕರಾದರು, ಜೆ.ಎಚ್. ಪಟೇಲರ ಸರ್ಕಾರದಲ್ಲಿ ಮಂತ್ರಿಯೂ ಆದರು. ಧರ್ಮಾಧಿಕಾರಿಯನ್ನು ನೋಡಿದವರಿಗೆ ಇದು ಸ್ವಲ್ಪ ತಮಾಷೆ ಅನಿಸದೇ ಇರದು.)

ಸಿನಿಮಾ ಮುಗಿಸಿ ಟೀವಿ ಹಾಕಿದೆ, ಸೌಂಡ್ ಮ್ಯೂಟ್ ಮಾಡಿದೆ. ಪುಸ್ತಕದಲ್ಲಿ ಎರಡು ಕಾಲಂ ಎಳೆದೆ. ಒಂದು ಕಡೆ ಕಾರಿನ ಕಡೆಯವರು, ಇನ್ನೊಂದು ಕಡೆ ಸತ್ತವರು. ಯಾರ ಚಿತ್ರ ಪರದೆಗೆ ಬಂದರೆ ಆ ಕಡೆ ಒಂದು ಗೆರೆ. ಕಾರಿನ ಕಾಲಂ ತುಂಬಿ ಪುಟದ ಅಂಚಿಗೆ ಬಂತು. ನುಜ್ಜಾದ ಕಾರು, ಬಾರ್‌ನ ಸಿಸಿಟೀವಿ, ಅಪ್ಪ, ತಾತ, ವಕೀಲರು, ಮತ್ತೆ ಕಾರು. ಸತ್ತವರದು ಪಾಸ್‌ಪೋರ್ಟ್ ಸೈಜಿನ ಎರಡು ಫೋಟೋ, ಪರದೆಯ ಮೂಲೆಯಲ್ಲಿ. ಸೌಂಡ್ ಇದ್ದಾಗ ಆಂಕರ್ ಕೂಗುತ್ತಿದ್ದುದು ಸತ್ತವರ ಪರವಾಗಿಯೇ. ನ್ಯಾಯ ಬೇಕು ಅಂತಲೇ ಅವರೂ ಹೇಳುತ್ತಿದ್ದರು. ಆದರೆ ಮ್ಯೂಟ್ ಮಾಡಿದರೆ ಉಳಿಯುತ್ತಿದ್ದುದು ದುಡ್ಡಿದ್ದವರ ಸೀರಿಯಲ್ಲು.

ಇದನ್ನು ಬರೆದಾಗ ಒಬ್ಬರು ಕೇಳಿದರು, ‘ಆಕ್ಸಿಡೆಂಟ್’ ಮಾತ್ರ ಬೇರೆ ಏನು ಮಾಡಿದೆ, ಅಲ್ಲೂ ಕ್ಯಾಮೆರಾ ಜಾಸ್ತಿ ಹೊತ್ತು ದೊಡ್ಡವರ ಮನೆಯಲ್ಲೇ ತಾನೇ ಇರುವುದು? ಸರಿಯಾದ ಪ್ರಶ್ನೆ. ನನಗೆ ಕಂಡ ವ್ಯತ್ಯಾಸ ಇಷ್ಟು: ಸಿನಿಮಾ ಆ ಮನೆಯೊಳಗೆ ಹೋಗುವುದು ಕೇಸು ಮುಚ್ಚುವ ಕೆಲಸ ಹೇಗೆ ನಡೆಯುತ್ತದೆ, ಯಾರು ಯಾರಿಗೆ ಫೋನ್ ಮಾಡುತ್ತಾರೆ, ಯಾವ ಮಾತು ಹೇಳದೇ ಉಳಿಯುತ್ತದೆ ಅಂತ ತೋರಿಸುವುದಕ್ಕೆ. ಟೀವಿ ಅಲ್ಲಿಗೆ ಹೋಗಿದ್ದು ಗೇಟು ತೋರಿಸುವುದಕ್ಕೆ.

ಚುನಾವಣೆ ಬಂದರೆ ನನಗೆ ಇನ್ನೂ ಜಾಸ್ತಿ ಕೆಲಸ. ನಮ್ಮೂರು ಮದ್ದೂರಿನ ಕಡೆ. 2019ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಒಂದು ಕಡೆ ಪಕ್ಷೇತರರಾಗಿ ಸುಮಲತಾ, ಇನ್ನೊಂದು ಕಡೆ ಆಗಿನ ಮುಖ್ಯಮಂತ್ರಿಯ ಮಗ ನಿಖಿಲ್. ಇಬ್ಬರೂ ಸಿನಿಮಾದವರು. ಸುಮಲತಾ ಪರ ಪ್ರಚಾರಕ್ಕೆ ದರ್ಶನ್ ಮತ್ತು ಯಶ್ ‘ಜೋಡೆತ್ತು’ಗಳಾಗಿ ಬಂದರು. ಸಿನಿಮಾ ಸಮಾರಂಭದ ವೇದಿಕೆಯ ಮೇಲೆ ಅಪ್ಪ ಮಗನನ್ನು ಕರೆದ ‘ನಿಖಿಲ್ ಎಲ್ಲಿದೀಯಪ್ಪಾ’ ಮೊಬೈಲಿನಿಂದ ಮೊಬೈಲಿಗೆ ಹಾರಿ, ಚುನಾವಣೆಯ ಘೋಷಣೆಗಳಿಗಿಂತ ಫೇಮಸ್ ಆಯಿತು. ಊರಿಗೆ ಹೋದಾಗ ಚಿಕ್ಕಪ್ಪ ರೋಡ್ ಶೋ ನೋಡುತ್ತಾ ಹೇಳಿದ್ದರು, ‘ಲೋ, ಇದು ಎಂಟ್ರಿ ಸೀನ್ ಇದ್ದಂಗೇ ಐತಲ್ಲೋ.’ ನಿಜ. ಕೆಳಗಿನಿಂದ ಮೇಲಕ್ಕೆ ಹಿಡಿದ ಕ್ಯಾಮೆರಾ, ಸ್ಲೋ ಮೋಷನ್‌ನಲ್ಲಿ ಬೀಸುವ ಕೈ, ಎರಚುವ ಹೂವು, ಹಿಂದೆ ತಮಟೆ. ಎರಡೂ ಕಡೆಯ ವಿಡಿಯೋಗಳು ಒಂದೇ ಎಡಿಟರ್ ಕೈಯಿಂದ ಬಂದಂತೆ ಇದ್ದವು.

ಜನ ಎಷ್ಟು ಸೇರಿದ್ದರು ಅನ್ನುವುದಕ್ಕೆ ಆಗಿನಿಂದ ನಾನು ಫೋಟೋ ನಂಬುವುದಿಲ್ಲ. ದೂರ ನಿಂತು ಉದ್ದ ಲೆನ್ಸಿನಲ್ಲಿ ಎಳೆದು ತೆಗೆದರೆ ಮುಂದಿದ್ದವರೂ ಹಿಂದಿದ್ದವರೂ ಒತ್ತಿಕೊಂಡು ನಿಂತಂತೆ ಕಾಣುತ್ತಾರೆ. ನಡುವಿನ ಜಾಗ ಮಾಯವಾಗುತ್ತದೆ. ಸಿನಿಮಾದವರು ಕಡಿಮೆ ಜೂನಿಯರ್ ಆರ್ಟಿಸ್ಟ್‌ಗಳನ್ನಿಟ್ಟುಕೊಂಡು ಜಾತ್ರೆ ತೋರಿಸುವುದೂ ಹೀಗೆಯೇ. ಮೇಲಿನಿಂದ ಡ್ರೋನ್‌ನಲ್ಲಿ ತೆಗೆದಿದ್ದರೆ, ಅದರಲ್ಲೂ ಅಂಚು ಕಾಣುವಂತಿದ್ದರೆ, ಆಗ ಸ್ವಲ್ಪ ನಂಬಬಹುದು. ಅಂಚನ್ನೇ ಕತ್ತರಿಸಿ ತೋರಿಸಿದ್ದರೆ, ಆಚೆ ಕಡೆ ಖಾಲಿ ಇದ್ದಿರಬಹುದು ಅಂತಲೇ ನನ್ನ ಲೆಕ್ಕ. ಅಂದಹಾಗೆ ಸುಮಲತಾ ಲಕ್ಷಕ್ಕೂ ಜಾಸ್ತಿ ಮತಗಳಿಂದ ಗೆದ್ದರು. ಎರಡೂ ಕಡೆಯ ವಿಡಿಯೋಗಳಲ್ಲಿ ಜನ ಸಮಸಮ ಇದ್ದರು.

ಜಗಳ ಆಗಿದ್ದು ಕಮಲ್ ಹಾಸನ್ ಅವರ ತಮಿಳು ಸಿನಿಮಾ ‘ಥಗ್ ಲೈಫ್’ ವಿಷಯದಲ್ಲಿ. 2025ರ ಮೇ ತಿಂಗಳಲ್ಲಿ ಚೆನ್ನೈನ ಸಮಾರಂಭದಲ್ಲಿ, ಶಿವರಾಜ್‌ಕುಮಾರ್ ಎದುರಿಗೆ ಕೂತಿರುವಾಗಲೇ, ಕಮಲ್ ಹಾಸನ್ ಕನ್ನಡ ತಮಿಳಿನಿಂದ ಹುಟ್ಟಿದ್ದು ಅನ್ನುವಂತೆ ಮಾತಾಡಿದರು. ಕ್ಷಮೆ ಕೇಳದಿದ್ದರೆ ಇಲ್ಲಿ ಬಿಡುಗಡೆ ಇಲ್ಲ ಅಂತ ಫಿಲ್ಮ್ ಚೇಂಬರ್ ಹೇಳಿತು. ಅವರು ಕೇಳಲಿಲ್ಲ. ಜೂನ್ 5ಕ್ಕೆ ಎಲ್ಲ ಕಡೆ ಬಂದ ಸಿನಿಮಾ ಕರ್ನಾಟಕಕ್ಕೆ ಬರಲಿಲ್ಲ. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಸೆನ್ಸಾರ್ ಸರ್ಟಿಫಿಕೇಟ್ ಸಿಕ್ಕ ಸಿನಿಮಾವನ್ನು ಗುಂಪಿನ ಬೆದರಿಕೆಗೆ ಹೆದರಿ ನಿಲ್ಲಿಸುವಂತಿಲ್ಲ ಅಂತ ಕೋರ್ಟ್ ಹೇಳಿತು. 1989ರಲ್ಲೇ ಇನ್ನೊಂದು ತಮಿಳು ಸಿನಿಮಾದ ಕೇಸಿನಲ್ಲಿ ಇದೇ ನ್ಯಾಯಾಲಯ ಇದೇ ಅರ್ಥದ ಮಾತು ಹೇಳಿತ್ತು. ಅಷ್ಟರಲ್ಲಿ ಸಿನಿಮಾ ಬೇರೆ ಕಡೆ ತಣ್ಣಗಾಗಿತ್ತು.

ಕಮಲ್ ಹೇಳಿದ್ದು ತಪ್ಪು, ಸಿನಿಮಾ ತಡೆದದ್ದೂ ತಪ್ಪು ಅಂತ ನಾನು ಬರೆದೆ. ಮನೆಯವರ ವಾಟ್ಸಾಪ್ ಗುಂಪಿನಲ್ಲೇ ಮೊದಲ ಏಟು ಬಿತ್ತು.

‘ಏನಪ್ಪಾ, ನೀನೂ ಅವರ ಕಡೆನಾ?’ ಅಂತ ಭಾವ ಕೇಳಿದರು.

‘ಇಲ್ಲ ಭಾವ, ಆ ಮಾತು ತಪ್ಪು ಅಂತ ಮೊದಲ ಸಾಲಿನಲ್ಲೇ ಬರೆದಿದೀನಲ್ಲ.’

‘ಮೊದಲ್ನೇ ಸಾಲು ಯಾರ್ ಓದ್ತಾರೆ ಬಿಡು, ಹೆಡ್ಡಿಂಗ್ ಹೇಳು.’

ಭಾವನ ಮಾತಿನಲ್ಲಿ ಸತ್ಯ ಇದೆ. ಅದಕ್ಕೆ ಈಗ ಇಂಥ ವಿಷಯಕ್ಕೆ ಹೆಡ್ಡಿಂಗಿನಲ್ಲೇ ಎರಡೂ ಮಾತು ಹಾಕುತ್ತೇನೆ, ಉದ್ದವಾದರೂ ಪರವಾಗಿಲ್ಲ. ಅಭಿಪ್ರಾಯ ಮಾತ್ರ ಬದಲಾಗಿಲ್ಲ. ನಮ್ಮ ‘ಸಂಸ್ಕಾರ’ವನ್ನೂ ಯಾರಿಗೋ ಬೇಸರವಾಗುತ್ತದೆ ಅಂತಲೇ ತಡೆದದ್ದು. ಆಗ ಅದು ತಪ್ಪಾದರೆ ಈಗ ಇದು ಸರಿ ಹೇಗೆ? ನೋಡಿದ ಮೇಲೆ ಬೈಯುವುದಕ್ಕೆ ನಾನೂ ರೆಡಿ. ಸುಮ್ನೆ ಹೇಳುತ್ತಿಲ್ಲ, ‘ಥಗ್ ಲೈಫ್’ ಓಟಿಟಿಗೆ ಬಂದಾಗ ನೋಡಿ ಬೈದೆ.

ಟಿಕೆಟ್ ದರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್‌ಗೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು, 75 ಸೀಟಿನೊಳಗಿನ ಪ್ರೀಮಿಯಂ ಸ್ಕ್ರೀನುಗಳನ್ನು ಬಿಟ್ಟು. ಮಲ್ಟಿಪ್ಲೆಕ್ಸ್‌ನವರೂ ನಿರ್ಮಾಪಕರೂ ಕೋರ್ಟಿಗೆ ಹೋದರು, ಹೈಕೋರ್ಟ್ ತಡೆ ಕೊಟ್ಟಿತು. ನಾನು ಮಿತಿಯ ಪರ. ದೊಡ್ಡ ಸಿನಿಮಾಕ್ಕೆ ಮೊದಲ ದಿನ ಸಾವಿರ ರೂಪಾಯಿ ಇಟ್ಟು ಪಿಂಡಿದರೆ, ಆ ಮನೆಯವರು ಅದೇ ತಿಂಗಳು ಇನ್ನೊಂದು ಸಣ್ಣ ಕನ್ನಡ ಸಿನಿಮಾಕ್ಕೆ ಬರುವುದಿಲ್ಲ. ಗಾಂಧಿನಗರದ ಸಿನಿಮಾ ಮಂದಿ ಜನ ಬರ್ತಿಲ್ಲ ಅಂತ ಅಳುವಾಗ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ನನಗೆ ಅತಿ ಕಷ್ಟವಾದ ಬರಹ ‘ಕಾಂತಾರ’ದ್ದು. 2022ರಲ್ಲಿ ಮೊದಲ ಸಲ ನೋಡಿದಾಗ ಕೊನೆಯ ಇಪ್ಪತ್ತು ನಿಮಿಷ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಿದ್ದೆ. ಕರಾವಳಿಯವರು ನಂಬುವ ದೈವ ಫಾರೆಸ್ಟ್ ಆಫೀಸರ್ ಮುರಳಿಯ ಕೈಯನ್ನೂ ಊರಿನವರ ಕೈಯನ್ನೂ ಒಟ್ಟಿಗೆ ಎಳೆದು ಎದೆಗೆ ಒತ್ತಿಕೊಳ್ಳುವಾಗ ಕಣ್ಣು ತುಂಬಿತು, ಮುಚ್ಚಿಡುವುದಕ್ಕೇನಿದೆ. ಆದರೆ ಪುಸ್ತಕ ತೆಗೆದಾಗ ಬರೆದದ್ದು ಬೇರೆ. ಭೂಮಿ ಯಾರದು ಅನ್ನುವುದು ಆ ಸಿನಿಮಾ ಎತ್ತಿದ ಪ್ರಶ್ನೆ. ಧಣಿ ಸತ್ತ, ಆಫೀಸರ್ ಒಳ್ಳೆಯವನಾದ, ಕೈ ಕೂಡಿತು. ಊರಿನವರ ಹೆಸರಿಗೆ ಒಂದು ಕಾಗದ ಆಯಿತಾ? ರಿಸರ್ವ್ ಫಾರೆಸ್ಟಿನ ಕಲ್ಲು ಕಿತ್ತರಾ? ಸಿನಿಮಾ ಹೇಳುವುದಿಲ್ಲ. ಅರಣ್ಯ ಹಕ್ಕಿನ ಅರ್ಜಿ ಹಿಡಿದು ತಾಲ್ಲೂಕು ಕಚೇರಿ ಸುತ್ತಿದವರಿಗೆ ಈ ಪ್ರಶ್ನೆ ಸಣ್ಣದಲ್ಲ.

ನಾಯಕಿ ಲೀಲಾಳ ವಿಷಯ ಇನ್ನೊಂದು. ಹೀರೋ ಶಿವ ಅವಳ ಸೊಂಟ ಚಿವುಟುತ್ತಾನೆ, ಸಿನಿಮಾ ಅದನ್ನು ತುಂಟತನ ಅಂತ ದಾಟಿಸಿಬಿಡುತ್ತದೆ. ಫಾರೆಸ್ಟ್ ಗಾರ್ಡ್ ಕೆಲಸ ಹಿಡಿದು ಬಂದವಳು ತನ್ನದೇ ಊರಿನ ವಿರುದ್ಧ ನಿಲ್ಲಬೇಕಾಗುತ್ತದೆ. ಇಡೀ ಕತೆಯಲ್ಲಿ ಎರಡೂ ಕಡೆಯ ನೋವು ಗೊತ್ತಿರುವವಳು ಅವಳೊಬ್ಬಳೇ. ಆದರೆ ಕ್ಯಾಮೆರಾ ಅವಳ ಜೊತೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅವಳ ಕಡೆಯಿಂದ ಹೇಳಿದ್ದರೆ ‘ಕಾಂತಾರ’ ಬೇರೆ ಸಿನಿಮಾ ಆಗುತ್ತಿತ್ತು, ನನಗೆ ಇನ್ನೂ ಇಷ್ಟವಾಗುತ್ತಿತ್ತು.

ಇಷ್ಟವಾಯಿತು ಅನ್ನುವುದನ್ನೂ ಒಪ್ಪಲಿಲ್ಲ ಅನ್ನುವುದನ್ನೂ ಒಂದೇ ಬರಹದಲ್ಲಿ ಇಟ್ಟೆ. ಇಂಥ ಬರಹವನ್ನು ನಾನು ಕೆಲವು ದಿನ ಬಿಟ್ಟು ಇನ್ನೊಮ್ಮೆ ಓದಿಯೇ ಹೊರಗೆ ಬಿಡುವುದು. ಓದುವಾಗ ಸಿಟ್ಟಿನ ಗುಣವಾಚಕಗಳನ್ನು ಹೊಡೆದುಹಾಕುತ್ತೇನೆ, ಸೀನುಗಳನ್ನು ಉಳಿಸಿಕೊಳ್ಳುತ್ತೇನೆ. ದೈವದ ಬಗ್ಗೆ ಮಾತಾಡೋಕೆ ಮಂಡ್ಯದವನು ನೀನ್ಯಾರು ಅಂತ ಒಬ್ಬರು ಬರೆದರು. ಕಣ್ಣೀರು ಹಾಕಿದೆ ಅಂತೀಯಲ್ಲ, ನೀನೂ ಆ ಕಡೆ ಹೋದೆಯಾ ಅಂತ ಇನ್ನೊಬ್ಬರು. ಇಬ್ಬರಿಗೂ ಒಂದೇ ಮಾತು ಕೇಳಿದೆ, ಸೊಂಟ ಚಿವುಟಿದ ಸೀನಿನ ಬಗ್ಗೆ ನೀವೇನಂತೀರಿ ಅಂತ. ಇಬ್ಬರೂ ಅದಕ್ಕೆ ಉತ್ತರ ಕೊಡಲಿಲ್ಲ, ಮತ್ತೆ ದೈವಕ್ಕೇ ವಾಪಸ್ ಹೋದರು.