ತಾತನ ತಾತನ ಊರು ಯಾವುದು? ಹಳೆ ಜನಗಣತಿ ಹಿಡಿದು ಹುಡುಕುವುದು ಹೀಗೆ

ಮೊದಲೇ ಹೇಳಿಬಿಡುತ್ತೇನೆ. ಹಳೆ ಜನಗಣತಿಯಲ್ಲಿ ತಾತನ ತಾತನ ಹೆಸರು ಸಿಗುವುದಿಲ್ಲ. ಮನೆಮನೆಗೆ ಬಂದು ಬರೆದುಕೊಂಡ ಹಾಳೆಗಳು ಗೋಪ್ಯ. 1948ರ ಜನಗಣತಿ ಕಾಯ್ದೆ ಪ್ರಕಾರ ಅವನ್ನು ಯಾರಿಗೂ ತೋರಿಸುವಂತಿಲ್ಲ. ನಮಗೆ ಸಿಗುವುದು ಕೂಡಿ ಹಾಕಿದ ಲೆಕ್ಕ ಮಾತ್ರ. ಆದರೆ ಆ ಲೆಕ್ಕ ಹಿಡಿದು ಊರು ಹುಡುಕಬಹುದು. ಊರು ಸಿಕ್ಕಿತೆಂದರೆ ಹೆಸರಿಗೆ ಪಹಣಿ, ಅಂದರೆ ಜಮೀನು ಯಾರದೆಂಬ ದಾಖಲೆ, ಇದೆ.

ಶುರು ಮಾಡಬೇಕಾದ್ದು ಮನೆಯಲ್ಲೇ. ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೂರಿಸಿಕೊಂಡು ಕೇಳಿ. ಮನೆದೇವರು ಎಲ್ಲಿದೆ? ಹೆಣ್ಣು ತಂದಿದ್ದು ಯಾವ ಊರಿಂದ? ಊರು ಬಿಟ್ಟಿದ್ದು ಯಾಕೆ? ಇಸವಿ ಕೇಳಬೇಡಿ, ಸುಮ್ನೆ ತಬ್ಬಿಬ್ಬಾಗುತ್ತಾರೆ. ‘ಬರ ಬಿದ್ದಾಗ’, ‘ಪ್ಲೇಗು ಬಂದಾಗ’ ಎಂದರೆ ಸಾಕು. ದೊಡ್ಡ ಬರ ಬಿದ್ದದ್ದು 1876–78ರಲ್ಲಿ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ 1881ಕ್ಕೆ 42 ಲಕ್ಷಕ್ಕಿಂತ ಕಡಿಮೆಯಾಗಿದ್ದರು. ಪ್ಲೇಗು ಬಂದಿದ್ದು 1898ರಲ್ಲಿ.

ಆಮೇಲೆ ಜನಗಣತಿ ಇಲಾಖೆಯ ಜಾಲತಾಣಕ್ಕೆ ಹೋಗಿ. ಹಳೆ ವರದಿಗಳು ಅಲ್ಲಿ ಪುಕ್ಕಟೆ ಸಿಗುತ್ತವೆ. ಬಾಗೇಪಲ್ಲಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆಯವರು ಒಂದು ವಿಷಯ ಮರೆಯಬಾರದು. ಚಿಕ್ಕಬಳ್ಳಾಪುರ ಜಿಲ್ಲೆಯಾಗಿದ್ದು 2007ರಲ್ಲಿ. ಅದಕ್ಕೂ ಹಿಂದಿನದೆಲ್ಲ ಕೋಲಾರದ ಪುಟಗಳಲ್ಲಿದೆ. ಇದು ಗೊತ್ತಿಲ್ಲದೆ ನಾನು ಒಂದಿಡೀ ಭಾನುವಾರ ಹಾಳು ಮಾಡಿಕೊಂಡೆ. ಊರಿನ ಹೆಸರಿನ ಕಾಗುಣಿತವೂ ಇಂಗ್ಲಿಷಿನಲ್ಲಿ ಬೇರೆಬೇರೆ ಇರುತ್ತದೆ, ಬಾಯಲ್ಲಿ ಹೇಳಿಕೊಂಡು ಓದಿ.

ಊರೂರಿನ ವಿವರಕ್ಕೆ 1961ರ ಜನಗಣತಿಯ ಜಿಲ್ಲಾ ಕೈಪಿಡಿ ನೋಡಿ. ಅದರಲ್ಲಿ ತಾಲ್ಲೂಕುವಾರು ಗ್ರಾಮಗಳ ಪಟ್ಟಿ ಇದೆ. ನಿಮ್ಮ ಊರಿನ ಮುಂದೆ ಜನವಸತಿ ಇಲ್ಲ ಎಂದಿದ್ದರೆ ಗಾಬರಿಯಾಗಬೇಡಿ. ಅದು ಬೇಚಿರಾಕ್ ಗ್ರಾಮ. ಜನ ಎದ್ದುಹೋದರೂ ಊರಿನ ಹೆಸರು, ಸರ್ವೆ ನಂಬರು ಕಂದಾಯದ ಲೆಕ್ಕದಲ್ಲಿ ಉಳಿದಿರುತ್ತವೆ. ಎಷ್ಟೋ ಕಡೆ ಒಂದು ಗುಡಿ, ನಾಲ್ಕು ಹುಣಸೆಮರ, ಅಷ್ಟೇ ಇರುತ್ತದೆ. ವರ್ಷಕ್ಕೊಮ್ಮೆ ನಿಮ್ಮ ಮನೆಯವರು ಆರತಿ ಹೊತ್ತು ಹೋಗುವ ಗುಡಿ ಅದೇ ಇರಬಹುದು ಅಲ್ವಾ? ಅದಕ್ಕೇ ಮನೆದೇವರನ್ನು ಮೊದಲು ಕೇಳಿ ಎಂದಿದ್ದು.

ಈಗ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು. ಸರ್ವೆ ನಂಬರು ಬರೆದು ಕೈಬರಹದ ಹಳೆ ಪಹಣಿ, ಮ್ಯುಟೇಷನ್ (ಖಾತೆ ಬದಲಾದ ದಾಖಲೆ), ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಸರ್ವೆ ನಂಬರುವಾರು ಜಮೀನಿನ ಪಟ್ಟಿ) ನಕಲಿಗೆ ಅರ್ಜಿ ಕೊಡಿ. ‘ಮುನಿಯಪ್ಪ ಬಿನ್ ಪಿಳ್ಳಪ್ಪ’ ಎಂದಿದ್ದರೆ ಪಿಳ್ಳಪ್ಪನ ಮಗ ಮುನಿಯಪ್ಪ ಎಂದರ್ಥ, ಒಂದೇ ಸಾಲಿಗೆ ಎರಡು ತಲೆಮಾರು ಸಿಕ್ಕಂತೆ. ‘ಕೋಂ’ ಎಂದಿದ್ದರೆ ಅದರ ಮುಂದಿನದು ಗಂಡನ ಹೆಸರು. ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಪೌತಿ ಖಾತೆ. ಸತ್ತವರು ಯಾರು, ವಾರಸುದಾರರು ಯಾರು, ಎಲ್ಲ ಅದರಲ್ಲಿರುತ್ತದೆ. ಆದರೆ ತಾತನ ಹೆಸರನ್ನೇ ಮೊಮ್ಮಗನಿಗೂ ಇಡುವ ಮನೆಗಳಲ್ಲಿ ಹುಷಾರು, ಇಬ್ಬರೂ ಒಬ್ಬರೇ ಎಂದುಕೊಂಡರೆ ಎಲ್ಲ ಕಲಸಿಹೋಗುತ್ತದೆ.

ಸ್ವಂತ ಜಮೀನಿಲ್ಲದೆ ಗೇಣಿ ಮಾಡುತ್ತಿದ್ದವರಾದರೆ, 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಹಾಕಿದ ಏಳನೇ ನಮೂನೆ ಅರ್ಜಿ ಕೇಳಿ. ಅದೂ ಇಲ್ಲದಿದ್ದರೆ ಊರಿನ ಹಳೆ ಶಾಲೆಯ ದಾಖಲಾತಿ ಪುಸ್ತಕ.

ಶಾನುಭೋಗರ ಕೈಬರಹ ಎಲ್ಲರಿಗೂ ಓದಲು ಬರುವುದಿಲ್ಲ. ರಿಟೈರಾದ ಗ್ರಾಮ ಲೆಕ್ಕಿಗರು ಯಾರಾದರೂ ಪರಿಚಯವಿದ್ದರೆ ಒಂದು ಕಾಫಿ ಕುಡಿಸಿ ಜೊತೆಗೆ ಕರೆದುಕೊಂಡು ಹೋಗಿ.