ಡ್ಯೂ ಲಿಸ್ಟ್ (ಲಸಿಕೆ ಬಾಕಿ ಇರೋ ಮಕ್ಕಳ ಪಟ್ಟಿ) ಹಂಚಿಕೊಂಡ ಮೇಲೆ ಮಕ್ಕಳು ಲಸಿಕೆಗೆ ಬಂದ್ರು: ನನ್ನ ಅನುಭವ

ಮಕ್ಕಳ ಲಸಿಕೆ ಕೆಲಸಕ್ಕೆ ಊರಿನವರ ಜೊತೆ ಪಾರ್ಟ್ನರ್‌ಶಿಪ್ ಅಂತ ಮೊದಲನೇ ವರ್ಷ ಮಾಡಿದ್ದೆಲ್ಲ ದಂಡ. 10-12 ಸಂಘಸಂಸ್ಥೆ ಕರೆದು, ಹಾಲ್ ಬುಕ್ ಮಾಡಿ, ಒಪ್ಪಂದಕ್ಕೆ ಸಹಿ ಹಾಕಿಸಿ, ಬ್ಯಾನರ್ ತುಂಬ ಎಲ್ಲರ ಲೋಗೋ ಹಾಕಿದ್ವಿ, ಬಜೆಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಖಾಲಿ. ಆರು ತಿಂಗಳಾದ್ಮೇಲೆ ರಿಜಿಸ್ಟರ್ ತೆಗೆದ್ರೆ, ಪೆಂಟಾ (ಐದು ರೋಗ ತಡೆಯೋ ಒಂದೇ ಲಸಿಕೆ, ಮೂರು ಡೋಸ್) ಮೊದಲ ಡೋಸ್ ಹಾಕಿಸ್ಕೊಂಡ 100 ಮಕ್ಕಳಲ್ಲಿ ಮೂರನೇದಕ್ಕೆ ಬಂದಿದ್ದು 70 ಚಿಲ್ಲರೆ. ದಡಾರ ತಡೆಯೋಕೆ ಅದರ ಲಸಿಕೆ ಎರಡೂ ಡೋಸ್ 95% ಮಕ್ಕಳಿಗೆ ಆಗ್ಬೇಕು, ನಾವು ಅದರ ಹತ್ತಿರಾನೂ ಇರ್ಲಿಲ್ಲ.

ಬಿಟ್ಟೋದವರ ಮನೆಗಳಿಗೆ ನಾನೇ ಹೋದೆ. ಒಬ್ಬ ತಾಯಿ ಮಗುವಿನ ತೊಡೆ ತೋರಿಸಿ, ಇಲ್ಲೇ ಗಟ್ಟಿಯಾಗಿ ಊದ್ಕೊಂಡಿತ್ತು, ರಾತ್ರಿಯೆಲ್ಲ ಜ್ವರ, ಹೀಗಾಗತ್ತೆ ಅಂತ ಒಬ್ರೂ ಹೇಳಿರ್ಲಿಲ್ಲ ಅಂದ್ರು. ಆಕೆ ಸಿಟ್ಟೆಲ್ಲ ಮುಂಚೆ ಹೇಳದ ನಮ್ಮ ಮೇಲೇನೇ.

ಎರಡನೇ ವರ್ಷ ನಾಲ್ಕೇ ಪಾರ್ಟ್ನರ್: ಮಹಿಳಾ ಸಂಘ, ಶಾಲೆ, ಔಷಧಿ ಅಂಗಡಿಯವರು, ಒಂದು ಫ್ಯಾಕ್ಟರಿ. ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಸಂಘದವರಿಗೆ ಅವರವರ ಬೀದಿ ಡ್ಯೂ ಲಿಸ್ಟ್, 20 ಹೆಸರಿಗಿಂತ ಜಾಸ್ತಿ ಕೊಡಲ್ಲ, ಅದೂ ಪೋಷಕರು ಒಪ್ಪಿದ್ರೆ ಮಾತ್ರ. ಜ್ವರದ ಔಷಧಿ ಕೇಳೋರಿಗೆ ಅಂಗಡಿಯವರು, "ಲಸಿಕೆ ಹಾಕ್ಸಿದ್ರಾ? ಒಂದೆರಡು ದಿನದಲ್ಲಿ ಇಳಿಯತ್ತೆ, ಇಳೀದಿದ್ರೆ ಡಾಕ್ಟರ್‌ಗೆ ತೋರ್ಸಿ, ಮುಂದಿನ ಡೋಸ್ ಮಾತ್ರ ತಪ್ಪಿಸ್ಬೇಡಿ" ಅಂತ ಹೇಳೋದು. ಫ್ಯಾಕ್ಟರಿಯವರು ಮಗೂಗೆ ಲಸಿಕೆ ಹಾಕ್ಸೋಕೆ ಕೆಲಸಗಾರರಿಗೆ ಸಂಬಳ ಹಿಡೀದೆ ತಿಂಗಳಿಗೆ ಅರ್ಧ ದಿನ ರಜೆ ಕೊಡೋದು. ಮ್ಯಾನೇಜರನ್ನ ಹೇಗೆ ಒಪ್ಪಿಸಿದೆ ಅನ್ನೋದು ನನ್ನ ಹತ್ರಾನೇ ಇರ್ಲಿ.

ಸಂಜೆ ಹೊತ್ತು ಲಸಿಕೆ ಹಾಕೋ ಸೆಷನ್‌ಗೆ ಸೀನಿಯರ್ಸ್ ಯಾರೂ ಒಪ್ಪಲಿಲ್ಲ. ದಡಾರದ ಲಸಿಕೆ ವಯಲ್ (ಸಣ್ಣ ಬಾಟಲಿ) ಕಲಸಿದ್ಮೇಲೆ 4 ಗಂಟೆ ಒಳಗೆ ಮುಗಿಸ್ಬೇಕು, ನಾಲ್ಕೇ ಮಕ್ಕಳು ಬಂದ್ರೆ ಉಳಿದಿದ್ದೆಲ್ಲ ಚೆಲ್ಬೇಕಲ್ಲ ಅಂತ. ಮೊದಲ ಎರಡು ತಿಂಗಳು ಹಾಗೇ ಆಯ್ತು, 10 ಡೋಸ್ ವಯಲ್‌ನಲ್ಲಿ 6 ಚೆಲ್ಲಿದೀನಿ, ಹೊಟ್ಟೆ ಉರಿದುಹೋಯ್ತು. ಆಮೇಲೆ ಸಂಘದವರೇ ಹಿಂದಿನ ದಿನ ಮನೆಮನೆಗೆ ಹೋಗಿ ನಾಳೆ ಎಷ್ಟು ಮಕ್ಕಳು ಬರ್ತಾರೆ ಅಂತ ಎಣಿಸಿ ಹೇಳೋಕೆ ಶುರು ಮಾಡಿದ್ರು, ವೇಸ್ಟೇಜ್ ವಯಲ್‌ಗೆ ಒಂದೆರಡು ಡೋಸ್‌ಗೆ ಇಳೀತು.

ಮಧ್ಯದಲ್ಲಿ ಮೆಸೇಜ್ ಪ್ರಯೋಗಾನೂ ಮಾಡ್ದೆ. ಬಲ್ಕ್ ಎಸ್ಎಂಎಸ್‌ಗೆ ಹಾಕಿದ ದುಡ್ಡು ನೀರಲ್ಲಿ ಹೋಮ. ಅದೇ ನಮ್ಮ ನರ್ಸ್ ಧ್ವನಿಯಲ್ಲಿ 20 ಸೆಕೆಂಡ್ ವಾಯ್ಸ್ ಮೆಸೇಜ್ ಕಳಿಸಿದ್ರೆ ಜನ ತಿರುಗಿ ಫೋನ್ ಮಾಡಿ ಟೈಮ್ ಕೇಳ್ತಾರೆ. ಯಾವ ಹೊತ್ತಲ್ಲಿ ಕಳಿಸ್ಬೇಕು ಅನ್ನೋದು ನೀವೇ ಕಂಡ್ಕೊಳ್ಳಿ.

ಒಂದೂವರೆ ವರ್ಷಕ್ಕೆ ಮೂರನೇ ಡೋಸ್ 100ಕ್ಕೆ 90 ದಾಟ್ತು, ಖರ್ಚು ಮೊದಲನೇ ವರ್ಷದ ಮೂರನೇ ಒಂದು ಭಾಗ ಇರ್ಬೇಕು, ಅದ್ರಲ್ಲೂ ಹೆಚ್ಚಿಂದು ಓಡಾಟದ್ದೇ. ಆಗಲ್ಲ ಅಂದಿದ್ದ ಸೀನಿಯರ್ಸೇ ಮೊನ್ನೆ ಲಿಸ್ಟ್ ಫಾರ್ಮ್ಯಾಟ್ ಇಸ್ಕೊಂಡ್ರು. ವಲಸೆ ಬಂದವರ ಮಕ್ಕಳು ಮಾತ್ರ ಇನ್ನೂ ಪೂರ್ತಿ ಲಿಸ್ಟ್‌ಗೆ ಸಿಕ್ಕಿಲ್ಲ, ಈಗ ಅದರ ಹಿಂದೆ ಬಿದ್ದಿದ್ದೀನಿ.